ಗೆರೆ ಇಲ್ಲದ ಕಾರ್ಡು

ಸರಕ್, ಸರಕ್, ಸರಕ್. ಸ್ವಲ್ಪ ಹೊತ್ತು ಸದ್ದಿಲ್ಲ. ಮತ್ತೆ ಸರಕ್, ಸರಕ್.

ರಾತ್ರಿ ಹನ್ನೊಂದೂವರೆ ಆಗಿತ್ತು. ಶಾಸಕರ ಕಚೇರಿಯ ಹೊರಕೋಣೆಯಲ್ಲಿ ಕೂತು ಮರುದಿನದ ಕಾಗದಗಳಿಗೆ ದಾರ ಪೋಣಿಸುತ್ತಿದ್ದ ಕಾರ್ಡಮ್ಮನ ಕೈ ಅಲ್ಲೇ ನಿಂತಿತು. ಇಲಿ! ಇಲಿಯನ್ನು ಕಂಡರೆ ಹೆದರುವ ಹೆಂಗಸಲ್ಲ ಅವಳು. ಹೆದರಿದ್ದು ಒಳಕೋಣೆಯ ಪೆಟ್ಟಿಗೆಗಾಗಿ. ಮೂರು ವರ್ಷದ ಹಿಂದೆ ಒಂದು ಇಲಿ ಆ ಪೆಟ್ಟಿಗೆಗೆ ನುಗ್ಗಿ, ‘ಲಾಟರಿ ಬೇಡವೇ ಬೇಡ’ ಎಂಬ ಕಾರ್ಡಿನ ತುದಿಯನ್ನು ಕಚ್ಚಿ ತಿಂದಿತ್ತು. ಉಳಿದದ್ದು ‘ಲಾಟರಿ ಬೇಡವೇ’ ಅಷ್ಟೆ. ಅದೇ ವಾರ ಒಬ್ಬ ವರದಿಗಾರ ಬಂದು ಅದನ್ನು ಓದಿ, ‘ಶಾಸಕರಿಗೂ ಈಗ ಅನುಮಾನ ಬಂದಿದೆ’ ಎಂದು ಬರೆದುಬಿಟ್ಟಿದ್ದ. ಅದನ್ನು ಸರಿಮಾಡುವಷ್ಟರಲ್ಲಿ ಸಾಕುಸಾಕಾಗಿತ್ತು.

ಅವಳು ಮೂಲೆಯಲ್ಲಿದ್ದ ಕೊಡೆ ಎತ್ತಿಕೊಂಡು, ಚಪ್ಪಲಿ ಬಿಟ್ಟು, ತುದಿಗಾಲಲ್ಲಿ ಒಳಕೋಣೆಯ ಬಾಗಿಲಿಗೆ ಬಂದಳು. ಬಾಗಿಲಡಿಯಿಂದ ದೀಪದ ಬೆಳಕು ಬರುತ್ತಿತ್ತು.

“ಸರ್, ಒಳಗೆ ಇಲಿ ಇದೆ ಅನ್ಸುತ್ತೆ. ಕೊಡೆ ತಂದಿದೀನಿ.”

ಸದ್ದು ಥಟ್ಟನೆ ನಿಂತಿತು.

“ಇಲಿ ಅಲ್ಲ ಕಾರ್ಡಮ್ಮ. ನಾನೇ.”

“ನೀವೇನಾ?”

“ನಾನೇ. ನೀವಿನ್ನೂ ಹೊರಟಿಲ್ವಾ? ಹೊತ್ತಾಯ್ತು, ಹೋಗಿ ಮಲಕ್ಕೊಳ್ಳಿ. ಡ್ರೈವರ್ ಬಿಟ್ಟು ಬರ್ತಾನೆ.”

ಅರವತ್ತೆಂಟು ವರ್ಷದ ಶಾಸಕರೊಬ್ಬರು ಮಧ್ಯರಾತ್ರಿ ಇಲಿಯ ಹಾಗೆ ಸದ್ದು ಮಾಡುತ್ತಾ ಏನು ಮಾಡುತ್ತಿದ್ದಾರೆ ಎಂದು ಕೇಳುವ ಹಕ್ಕು ತನಗಿಲ್ಲ ಎಂದುಕೊಂಡು ಅವಳು ಕೊಡೆಯನ್ನು ಮೂಲೆಗಿಟ್ಟು ಮನೆಗೆ ಹೋದಳು. ಆದರೆ ನಿದ್ದೆ ಹತ್ತಿರ ಸುಳಿಯಲಿಲ್ಲ.

ಸಂಬಳದ ಪಟ್ಟಿಯಲ್ಲಿ ಅವಳಿಗೆ ಬೇರೆ ಹೆಸರಿತ್ತು. ಆದರೆ ಹದಿನೆಂಟು ವರ್ಷದಿಂದ ಎಲ್ಲರಿಗೂ ಅವಳು ಕಾರ್ಡಮ್ಮನೇ, ಏಕೆಂದರೆ ಆ ಪೆಟ್ಟಿಗೆಯನ್ನು ಕಾಯುವವಳು ಅವಳು. ಯಾವುದೋ ಹಳೆಯ ಗ್ರಂಥಾಲಯದಿಂದ ಬಂದ ಉದ್ದನೆಯ ಮರದ ಪೆಟ್ಟಿಗೆ ಅದು. ಒಳಗೆ ಇನ್ನೂರ ಹನ್ನೆರಡು ಕಾರ್ಡು. ಶಾಸಕರು ಮೊದಲ ಸಲ ಚುನಾವಣೆಗೆ ನಿಂತಾಗ ಅವರಿಗೆ ಹೊಳೆದ ಉಪಾಯ. ಒಂದು ವಿಷಯಕ್ಕೆ ಒಂದು ಕಾರ್ಡು; ಮುಂದುಗಡೆ ತಮ್ಮ ನಿಲುವು, ಹಿಂದುಗಡೆ ಅದಕ್ಕೆ ಕಾರಣ. ಸಂಜೆ ನಾಲ್ಕರಿಂದ ಐದರವರೆಗೆ ಯಾರು ಬೇಕಾದರೂ ಬಂದು ಪೆಟ್ಟಿಗೆ ತೆರೆಸಿ ನೋಡಬಹುದು. ಸದನದಲ್ಲಿ ಮಾತಾಡಲು ಎದ್ದಾಗ ಆ ದಿನದ ಕಾರ್ಡನ್ನೇ ಕೈಯಲ್ಲಿ ಹಿಡಿದು, ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಿದ್ದರು. ಕಾರ್ಡಿನಲ್ಲಿಲ್ಲದ ಒಂದಕ್ಷರವೂ ಅವರ ಬಾಯಿಂದ ಬಂದದ್ದಿಲ್ಲ.

ಸರ್ಕಾರ ದಿನದ ಖರ್ಚಿಗೆ ಸಾಲ ಮಾಡಬಾರದು. ಹೊಸ ಇಲಾಖೆ ತೆರೆಯುವ ಮೊದಲು ಹಳೆಯದೊಂದನ್ನು ಮುಚ್ಚಬೇಕು. ಹೆಂಡದಂಗಡಿಗೆ ಹತ್ತು ಗಂಟೆಗೆ ಬೀಗ ಬೀಳಬೇಕು. ಶಾಲೆಯಲ್ಲಿ ಮಕ್ಕಳಿಗೆ ಏನು ಕಲಿಸುತ್ತಾರೆಂದು ನೋಡುವ ಹಕ್ಕು ಹೆತ್ತವರಿಗಿರಬೇಕು. ಜನರ ತೆರಿಗೆಯಿಂದ ಯಾರ ಪ್ರತಿಮೆಯೂ ಏಳಬಾರದು, ತಮ್ಮ ಪಕ್ಷದ ಸ್ಥಾಪಕರದ್ದೂ. ಈ ಕೊನೆಯದನ್ನು ಓದಿದ ವರ್ಷ ಪಕ್ಷದ ಔತಣಕ್ಕೆ ಅವರಿಗೆ ಕರೆ ಬರಲಿಲ್ಲ. ಅವರು ಮನೆಯಲ್ಲೇ ಊಟ ಮಾಡಿ ಒಂಬತ್ತಕ್ಕೆ ಮಲಗಿದರು. ಎದುರು ಪಕ್ಷದವರು ಅವರನ್ನು ‘ಕಲ್ಲುಕಂಬ’ ಎಂದು ಹಂಗಿಸುತ್ತಿದ್ದರು. ಅವರು ಅದನ್ನು ಬಿರುದು ಎಂದುಕೊಂಡು ಖುಷಿಪಟ್ಟಿದ್ದರು.

ಹಾಗೆಂದು ನಿಲುವು ಬದಲಾಗಲೇ ಇಲ್ಲ ಎಂದಲ್ಲ. ಬದಲಾದಾಗ ಹಳೆಯ ಕಾರ್ಡನ್ನು ಹರಿದು ಎಸೆಯುವಂತಿರಲಿಲ್ಲ. ಶಾಸಕರು ತಾವೇ ಅಡಿಕೋಲು ಇಟ್ಟು, ಪೆನ್ಸಿಲಿನಿಂದ ಅದರ ಮೇಲೆ ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆಯುತ್ತಿದ್ದರು. ಪೆನ್ನಿನಲ್ಲಿ ಎಳೆದರೆ ಮಸಿ ಹಿಂದಕ್ಕೆ ಇಳಿದು ಕಾರಣ ಓದಲಾಗುವುದಿಲ್ಲ ಎಂದು ಪೆನ್ಸಿಲು. ಆಮೇಲೆ ಹಳೆಯದು ಹೊಸದರ ಬೆನ್ನಿಗೆ ಕೂರುತ್ತಿತ್ತು. “ಮನುಷ್ಯ ಮನಸ್ಸು ಬದಲಾಯಿಸಬಹುದು, ಬದಲಾಯಿಸಿದ್ದನ್ನ ಮುಚ್ಚಿಡಬಾರದು,” ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಗೆರೆ ಬಿದ್ದ ಕಾರ್ಡುಗಳು ಹನ್ನೊಂದೇ ಹನ್ನೊಂದು. ಪೆಟ್ಟಿಗೆಯ ಮುಚ್ಚಳದ ಒಳಗೆ ಅವರದೇ ಕೈಬರಹದಲ್ಲಿ ನಿಯಮಗಳ ಒಂದು ಚೀಟಿ ಅಂಟಿಸಿತ್ತು. ಅಂಟು ಒಣಗಿ, ಅಂಚು ಸುರುಳಿ ಸುತ್ತಿಕೊಂಡು, ಈಗ ಅದನ್ನು ಯಾರೂ ಓದುತ್ತಿರಲಿಲ್ಲ. ಕಾರ್ಡಮ್ಮನಿಗೆ ಮಾತ್ರ ಬಾಯಿಪಾಠ.

ಮರುದಿನ ಸದನಕ್ಕೆ ಬರುತ್ತಿದ್ದದ್ದು ಆರೈಕೆ ರಜೆ ಮಸೂದೆ. ಮನೆಯಲ್ಲಿ ಕಾಯಿಲೆಯವರಿದ್ದರೆ, ನೋಡಿಕೊಳ್ಳುವವರಿಗೆ ವರ್ಷಕ್ಕೆ ಇಪ್ಪತ್ತು ದಿನ ರಜೆ. ಆ ರಜೆಗಾಗಿ ಯಾರನ್ನೂ ಕೆಲಸದಿಂದ ತೆಗೆಯುವಂತಿಲ್ಲ. ಶಾಸಕರ ಪಕ್ಷ ಅದಕ್ಕೆ ವಿರುದ್ಧ. ಆದರೆ ಪಕ್ಷದೊಳಗೇ ನಾಲ್ಕು ಜನ ಗೊಣಗುತ್ತಿದ್ದರಿಂದ, ಅವರವರ ಮನಸ್ಸಿಗೆ ಬಂದಂತೆ ಮತ ಹಾಕಿ ಎಂದು ಬಿಟ್ಟಿದ್ದರು. ಆ ನಾಲ್ವರು ಆಚೆ ಹೋದರೂ ಎಂಬತ್ತೊಂದರಲ್ಲಿ ನಲವತ್ತೊಂದು ಕೈಯಲ್ಲಿದೆ ಎಂದು ಪಕ್ಷದ ಸಚೇತಕರು ಲೆಕ್ಕ ಹಾಕಿದ್ದರು. ಸದಸ್ಯರ ತಲೆ ಎಣಿಸಿ ಮತ ಹಾಕಿಸುವುದೇ ಅವರ ಕೆಲಸ. ಆ ನಲವತ್ತೊಂದರಲ್ಲಿ ಕಲ್ಲುಕಂಬವೂ ಒಂದು. ಅವರ ಕಾರ್ಡು ಸ್ಪಷ್ಟವಾಗಿಯೇ ಇತ್ತು: ಬೇಡ.

ಆ ‘ಬೇಡ’ದ ಹಿಂದಿನ ಕಾರಣವನ್ನು ಬರೆದದ್ದು ಕಾರ್ಡಮ್ಮನೇ. ನಾಲ್ಕು ವರ್ಷದ ಹಿಂದೆ ಸಣ್ಣ ಅಂಗಡಿಗಳವರ ಸಂಘದವರು ಬಂದು ಗೋಳು ತೋಡಿಕೊಂಡಾಗ ಶಾಸಕರು ಹಳೆಯ ಕಾರ್ಡಿಗೆ ಗೆರೆ ಎಳೆದು, ಹೊಸದನ್ನು ಬರೆಯಲು ಹೇಳಿದ್ದರು. ‘ಮೂರು ಜನ ದುಡಿಯುವ ಅಂಗಡಿಯಲ್ಲಿ ಒಬ್ಬರು ರಜೆ ಹೋದರೆ ಅಂಗಡಿಯ ಮೂರನೇ ಒಂದು ಪಾಲು ಮುಚ್ಚಿದಂತೆ. ಇಂಥದ್ದನ್ನು ಮಾಲೀಕ ಮತ್ತು ಕೆಲಸಗಾರ ಕೂತು ಮಾತಾಡಿ ತೀರ್ಮಾನಿಸಲಿ. ಸರ್ಕಾರ ನಡುವೆ ಕುರ್ಚಿ ಹಾಕಿಕೊಳ್ಳುವುದು ಬೇಡ.’ ಆ ಕುರ್ಚಿಯ ಮಾತು ಅವಳಿಗೇ ತುಂಬ ಹಿಡಿಸಿತ್ತು. ಅದು ಸುಳ್ಳಲ್ಲ ಎಂದು ಈಗಲೂ ಅನಿಸುತ್ತಿತ್ತು. ಅದೇ ತೊಂದರೆ.

ಏಕೆಂದರೆ ಅವಳ ತಂಗಿ ಬಟನ್ ಕಾರ್ಖಾನೆಯಲ್ಲಿ ಬಟನ್ ಆರಿಸುವ ಕೆಲಸ ಮಾಡುತ್ತಿದ್ದಳು. ತಂಗಿಯ ಗಂಡ ಲಿಫ್ಟು ರಿಪೇರಿ ಮಾಡುವಾಗ ಬಿದ್ದು ಬೆನ್ನುಮೂಳೆಗೆ ಪೆಟ್ಟಾಗಿ ಆರು ತಿಂಗಳಿಂದ ಮಲಗಿದ್ದ. ಮುಂದಿನ ತಿಂಗಳು ಆಪರೇಷನ್. ಅವನ ಜೊತೆ ಆಸ್ಪತ್ರೆಯಲ್ಲಿರಬೇಕು. ಇನ್ನೊಂದು ದಿನ ರಜೆ ಹಾಕಿದರೆ ಬರುವುದೇ ಬೇಡ ಎಂದು ಮೇಲ್ವಿಚಾರಕ ಕಡ್ಡಿ ಮುರಿದಂತೆ ಹೇಳಿದ್ದ. ಆ ಸಂಜೆಯಷ್ಟೇ ಕಚೇರಿಯ ಮೊಗಸಾಲೆಯಲ್ಲಿ ನಿಂತು ಕಾರ್ಡಮ್ಮ ತಂಗಿಯ ಜೊತೆ ಫೋನಿನಲ್ಲಿ ಮಾತಾಡಿದ್ದಳು.

“ಅಕ್ಕ, ನಿಮ್ಮ ಸಾಹೇಬ್ರಿಗೆ ಒಂದು ಮಾತು ಹೇಳೇ.”

“ಹಾಗೆಲ್ಲ ಹೇಳಕ್ಕಾಗಲ್ಲ ಕಣೇ.”

“ಹದಿನೆಂಟು ವರ್ಷ ಅವರ ಮಾತು ನೀನು ಬರೆದಿದ್ದೀಯ. ನಿಂದೊಂದು ಮಾತು ಅವರು ಕೇಳಬಾರದಾ?”

“ನಾನು ಮನೆ ಗೋಳನ್ನ ಪೆಟ್ಟಿಗೆ ಹತ್ರ ತಗೊಂಡು ಹೋದ್ರೆ, ನಾಳೆ ಇನ್ನೊಬ್ರು ತರ್ತಾರೆ. ಆಮೇಲೆ ಆ ಪೆಟ್ಟಿಗೆಗೆ ಏನು ಬೆಲೆ?”

“ಪೆಟ್ಟಿಗೆ ಪೆಟ್ಟಿಗೆ! ಅದನ್ನೇ ಕಟ್ಕೋ,” ಎಂದು ತಂಗಿ ಫೋನು ಕುಕ್ಕಿದ್ದಳು.

ಕಾರ್ಡಮ್ಮ ಕಣ್ಣೊರೆಸಿಕೊಂಡು ಒಳಗೆ ಹೋಗಿ, ಹಳದಿಗಟ್ಟಿದ ಹಳೆಯದರ ಮುಂದಿದ್ದ ಬಿಳಿಯ ಹೊಸ ಕಾರ್ಡನ್ನು ತೆಗೆದು, ಶಾಸಕರ ತೊಗಲಿನ ಚೀಲದೊಳಗೆ ತನ್ನ ಕೈಯಾರೆ ಇಟ್ಟಿದ್ದಳು. ಒಂದು ಸಲ ಅಲ್ಲ, ಮೂರು ಸಲ ತೆಗೆದು ನೋಡಿ ಇಟ್ಟಿದ್ದಳು. ಅವಳ ಅಭ್ಯಾಸವೇ ಹಾಗೆ. ಬೀಗ ಹಾಕಿದ ಬಾಗಿಲನ್ನೂ ಹಿಂತಿರುಗಿ ಬಂದು ಎಳೆದು ನೋಡುವವಳು.

ಬೆಳಿಗ್ಗೆ ಎಂಟಕ್ಕೆ ಕಚೇರಿಗೆ ಬಂದಾಗ ಒಳಕೋಣೆಯ ಮೇಜಿನ ಹಸಿರು ಬಟ್ಟೆಯ ಮೇಲೆ ಬೂದುಬಣ್ಣದ ಸಣ್ಣ ಸಣ್ಣ ಹುಳುಗಳಂಥವು ಬಿದ್ದಿದ್ದವು. ಇಲಿಯದೇ ಕೆಲಸ, ಸಾಹೇಬರು ಏನೇ ಹೇಳಲಿ ಎಂದುಕೊಂಡು ಅವನ್ನು ಅಂಗೈಗೆ ಬಳಿದುಕೊಂಡು ಬುಟ್ಟಿಗೆ ಹಾಕಿದಳು. ಅಷ್ಟರಲ್ಲಿ ಶಾಸಕರು ಚೀಲ ಕಂಕುಳಿಗೆ ಇರುಕಿಕೊಂಡು ಹೊರಟುಬಿಟ್ಟಿದ್ದರು. ಯಾವಾಗಲೂ ಚೀಲವನ್ನು ಅವಳೇ ಕಾರಿನವರೆಗೆ ಒಯ್ಯುತ್ತಿದ್ದಳು. ಇವತ್ತು ಕೊಡಲಿಲ್ಲ.

“ಸರ್, ಕಾರ್ಡು ಒಂದ್ಸಲ...”

“ಇದೆ ಇದೆ. ನಡೀರಿ, ಗ್ಯಾಲರಿ ತುಂಬಿಬಿಡುತ್ತೆ.”

ಗ್ಯಾಲರಿ ನಿಜಕ್ಕೂ ತುಂಬಿತ್ತು. ದಾದಿಯರು, ಅಂಗಡಿಯವರು, ಊರುಗೋಲು ಹಿಡಿದವರು, ವರದಿಗಾರರು. ಕಾರ್ಡಮ್ಮ ಕಂಬದ ಪಕ್ಕ ಒಂದು ಜಾಗ ಹಿಡಿದು, ಮತ ಎಣಿಸಲು ತನ್ನ ಪುಟ್ಟ ಪುಸ್ತಕ ತೆಗೆದಿಟ್ಟುಕೊಂಡಳು. ಕೆಳಗೆ ಸಚೇತಕರು ಸಾಲಿನಿಂದ ಸಾಲಿಗೆ ಓಡಾಡುತ್ತಾ, ಬೆರಳು ಮಡಚುತ್ತಾ, ಗೆಲುವಾಗಿದ್ದರು. ಕೊನೆಯ ಭಾಷಣ ಕಲ್ಲುಕಂಬದ್ದು. ಅವರನ್ನು ಕೊನೆಗೆ ಇಟ್ಟದ್ದು ಬೇಕೆಂದೇ. ಅವರ ‘ಬೇಡ’ ಕೇಳಿದ ಮೇಲೆ ಅಳ್ಳೆದೆಯವರೂ ಗಟ್ಟಿಯಾಗುತ್ತಾರೆ ಎಂದು.

ಅರವತ್ತಮೂರನೇ ಆಸನದಿಂದ ಶಾಸಕರು ಎದ್ದರು. ಚೀಲದಿಂದ ಕಾರ್ಡು ತೆಗೆದರು.

ಕಾರ್ಡು ಹಳದಿ.

ಕಾರ್ಡಮ್ಮ ಕತ್ತು ಉದ್ದ ಮಾಡಿ ಮತ್ತೆ ನೋಡಿದಳು. ತಾನು ಇಟ್ಟದ್ದು ಬಿಳಿ! ಮೂರು ಸಲ ನೋಡಿ ಇಟ್ಟದ್ದು! ಇಟ್ಟೆನೇ? ಅಳುತ್ತಾ ಇದ್ದೆನಲ್ಲ, ಕಣ್ಣು ಮಂಜಾಗಿತ್ತಲ್ಲ? ಹಿಂದಿನದನ್ನು ಎಳೆದುಬಿಟ್ಟೆನೇ? ಹದಿನೆಂಟು ವರ್ಷ, ಒಂದು ತಪ್ಪಿಲ್ಲದೆ, ಕೊನೆಗೆ ಇವತ್ತು, ಇಷ್ಟು ಜನರ ಮುಂದೆ! ಎದ್ದು ಕೂಗಿಬಿಡಲೇ ಎನಿಸಿತು. ಗ್ಯಾಲರಿಯಲ್ಲಿ ಕೆಮ್ಮಿದರೂ ಕಾವಲುಗಾರ ಕಣ್ಣು ಬಿಡುತ್ತಾನೆ. ಅವಳು ಕಂಬವನ್ನು ಹಿಡಿದುಕೊಂಡಳು.

ಶಾಸಕರು ಬೆರಳಿಟ್ಟು ಓದಿದರು, ಎಂದಿನ ಅದೇ ಒಣ ದನಿಯಲ್ಲಿ.

“ಮನೆಯಲ್ಲಿ ಮಲಗಿರುವವರನ್ನು ನೋಡಿಕೊಳ್ಳುವುದು ಮನೆಯವರ ಕೆಲಸ. ಅದನ್ನು ಸರ್ಕಾರ ಮಾಡಲಾರದು, ಮಾಡಲೂಬಾರದು. ಆದರೆ ಆ ಕೆಲಸ ಮಾಡಿದ್ದಕ್ಕಾಗಿ ಯಾರೂ ಹೊರಗಿನ ಕೆಲಸ ಕಳೆದುಕೊಳ್ಳಬಾರದು. ಮನೆ ನಿಲ್ಲದಿದ್ದರೆ ರಾಜ್ಯ ನಿಲ್ಲುವುದಿಲ್ಲ. ಆದ್ದರಿಂದ ಇಂಥ ಕಾನೂನು ಬೇಕು.”

ಸಚೇತಕರ ಮಡಚಿದ ಬೆರಳು ಮಡಚಿದಂತೆಯೇ ನಿಂತಿತು. ಆಮೇಲೆ ಯಾರೋ ಮೇಜು ಗುದ್ದಿದರು, ಯಾರೋ “ಕಾರ್ಡು ತಪ್ಪು! ಕಾರ್ಡು ತಪ್ಪು!” ಎಂದು ಕೂಗಿದರು, ಎದುರು ಸಾಲಿನವರು ಎದ್ದು ನಿಂತು ಗುಲ್ಲೆಬ್ಬಿಸಿದರು. ಸಭಾಧ್ಯಕ್ಷರು ಸುತ್ತಿಗೆ ಬಡಿದೂ ಬಡಿದೂ ಸುಸ್ತಾದರು.

ಶಾಸಕರು ಕೂರಲಿಲ್ಲ. ಕಾರ್ಡನ್ನು ಮೇಜಿನ ಮೇಲೆ ಬೋರಲು ಹಾಕಿದರು.

“ಇನ್ನೊಂದು ಮಾತು. ಇದು ಕಾರ್ಡಿನಲ್ಲಿಲ್ಲ.”

ಆ ಒಂದು ವಾಕ್ಯಕ್ಕೆ ಇಡೀ ಸದನ ಬಾಯಿ ಮುಚ್ಚಿತು. ಕಾರ್ಡಿನಲ್ಲಿಲ್ಲದ ಮಾತು! ವರದಿಗಾರರು ಕುರ್ಚಿಯ ತುದಿಗೆ ಬಂದರು.

“ನನಗೆ ಒಂಬತ್ತು ವರ್ಷ ಇದ್ದಾಗ ಕಾಲು ಮುರಿದಿತ್ತು. ಅವ್ವ ಇರಲಿಲ್ಲ. ನಮ್ಮಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕಿದ್ದಳು. ಹನ್ನೆರಡು ದಿನ ನನ್ನ ಹಾಸಿಗೆ ಪಕ್ಕ ಕೂತಳು. ಹದಿಮೂರನೇ ದಿನ ಹೋದಾಗ ಅವಳ ಕುರ್ಚಿಯಲ್ಲಿ ಬೇರೆಯವರು ಇದ್ದರು. ಮತ್ತೆ ಅವಳಿಗೆ ಅಂಥ ಕೆಲಸ ಸಿಗಲೇ ಇಲ್ಲ. ನನ್ನ ಕಾಲು ಸರಿಯಾಯಿತು. ಅದೇ ಕಾಲ ಮೇಲೆ ಈಗ ನಿಂತಿದ್ದೇನೆ. ಅಷ್ಟೆ.”

ಕೂತರು.

ಗ್ಯಾಲರಿಯಲ್ಲಿ ಊರುಗೋಲಿನವನೊಬ್ಬ ಊರುಗೋಲಿನಿಂದ ನೆಲ ಕುಟ್ಟಿದ. ಕಾವಲುಗಾರ ಕಣ್ಣು ಬಿಡುವುದನ್ನೇ ಮರೆತ. ಆಗಲೇ ಕಾರ್ಡಮ್ಮನಿಗೆ ಹೊಳೆದದ್ದು. ಆ ಹಳದಿ ಕಾರ್ಡಿನ ಮೇಲೆ ಗೆರೆ ಇರಬೇಕಿತ್ತು. ಗೆರೆ ಬಿದ್ದ ಕಾರ್ಡನ್ನು ಈ ಮನುಷ್ಯ ಜೀವ ಹೋದರೂ ಓದುವವರಲ್ಲ. ಸರಕ್, ಸರಕ್, ಸರಕ್. ಹಸಿರು ಬಟ್ಟೆಯ ಮೇಲಿನ ಬೂದು ಹುಳುಗಳು. ಇಲಿಯೂ ಅಲ್ಲ, ಅವಳ ಕಣ್ಣಿನ ಮಂಜೂ ಅಲ್ಲ. ರಬ್ಬರು! ಕಲ್ಲುಕಂಬ ರಾತ್ರಿ ಹನ್ನೊಂದೂವರೆಗೆ ಶಾಲೆಯ ಹುಡುಗನ ಹಾಗೆ ಕೂತು ರಬ್ಬರಿನಿಂದ ಗೆರೆ ಅಳಿಸಿದೆ! ಅವಳಿಗೆ ನಗು ಒತ್ತರಿಸಿ ಬಂತು. ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು.

ಮತ ಎಣಿಕೆ ಶುರುವಾಯಿತು. ಒಂದನೇ ಆಸನದಿಂದ ಒಬ್ಬೊಬ್ಬರೇ ಎದ್ದು ‘ಪರ’ ಅಥವಾ ‘ವಿರುದ್ಧ’ ಎನ್ನಬೇಕು. ಕಾರ್ಡಮ್ಮ ಗೀಟು ಹಾಕುತ್ತಾ ಹೋದಳು. ಅರವತ್ತೆರಡನೇ ಆಸನದ ಹೊತ್ತಿಗೆ ಮೂವತ್ತೊಂದು, ಮೂವತ್ತೊಂದು. ಅರವತ್ತಮೂರು: “ಪರ.” ಪೆನ್ಸಿಲಿನ ಮೊನೆ ಪಟ್ಟೆಂದು ಮುರಿಯಿತು. ಪಕ್ಕದ ದಾದಿ ಕೇಳದೆಯೇ ತನ್ನ ಪೆನ್ನು ಕೊಟ್ಟಳು. ಎಪ್ಪತ್ತು, ಎಪ್ಪತ್ತೈದು, ಎಂಬತ್ತು. ನಲವತ್ತು, ನಲವತ್ತು!

ಎಂಬತ್ತೊಂದನೇ ಆಸನದಲ್ಲಿ ಇದ್ದದ್ದು ಎದುರು ಪಕ್ಷದ ಹಿರಿಯ ಡಾಕ್ಟರಮ್ಮ. ಕಿವಿ ಮಂದ. ಕಣ್ಣು ಮುಚ್ಚಿ ಕೂತಿದ್ದರು. ಕಾರ್ಯದರ್ಶಿ ಎರಡು ಸಲ ಕೂಗಿದರೂ ಏಳಲಿಲ್ಲ. ಪಕ್ಕದವರು ಭುಜ ಅಲ್ಲಾಡಿಸಿದರು.

“ಯಾವ ಮಸೂದೆ?” ಎಂದರು ಡಾಕ್ಟರಮ್ಮ.

ಗ್ಯಾಲರಿಗೆ ಗ್ಯಾಲರಿಯೇ ಮುಂದಕ್ಕೆ ಬಾಗಿತು.

“ಆರೈಕೆ ರಜೆ, ಆರೈಕೆ ರಜೆ!” ಪಕ್ಕದವರು ಕಿವಿಯಲ್ಲಿ ಕಿರುಚಿದರು.

“ಹಾಗೆ ಕಿರುಚಬೇಡ್ರೀ, ಇನ್ನೂ ಪೂರ್ತಿ ಕಿವುಡಾಗಿಲ್ಲ. ಪರ ಅಂತ ಬರ್ಕೊಳ್ಳಿ. ಬೆಳಿಗ್ಗೆಯಿಂದ ಅದನ್ನ ಹೇಳೋಕೇ ಕಾಯ್ತಾ ಇದೀನಿ.”

ನಲವತ್ತೊಂದು, ನಲವತ್ತು. ದಾದಿ ಕಾರ್ಡಮ್ಮನನ್ನು ತಬ್ಬಿಕೊಂಡುಬಿಟ್ಟಳು. ಯಾರು ಏನು ಎಂದು ಇಬ್ಬರಿಗೂ ಗೊತ್ತಿಲ್ಲ. ಪೆನ್ನು ವಾಪಸು ಕೊಡುವುದನ್ನೂ ಮರೆತು ಕಾರ್ಡಮ್ಮ ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದಳು. ನಲವತ್ತಾರು ವರ್ಷದಲ್ಲಿ ಅವಳು ಹಾಗೆ ಮೆಟ್ಟಿಲು ಇಳಿದದ್ದೇ ಇಲ್ಲ.

ಆದರೆ ಸಂತೋಷ ಸಂಜೆ ಐದೂವರೆಯವರೆಗೆ ಮಾತ್ರ ಬಂತು. ಶಾಸಕರು ಇನ್ನೂ ವರದಿಗಾರರ ಕೈಯಿಂದ ಬಿಡಿಸಿಕೊಂಡಿರಲಿಲ್ಲ. ಡ್ರೈವರನ ಕೈಯಲ್ಲಿ ಚೀಲ ಕಳಿಸಿದ್ದರು. ಕಾರ್ಡಮ್ಮ ಹಳದಿ ಕಾರ್ಡನ್ನು ಪೆಟ್ಟಿಗೆಗೆ ಸೇರಿಸಿ ಮುಚ್ಚಳ ಹಾಕುವಷ್ಟರಲ್ಲಿ ಸಚೇತಕರು ಬಾಗಿಲು ತಳ್ಳಿಕೊಂಡು ಒಳಗೆ ಬಂದರು. ಕೈಯಲ್ಲಿ ಒಂದು ನಮೂನೆಯ ಕಾಗದ.

“ಏನ್ರೀ ಕಾರ್ಡಮ್ಮ, ಎಂಥ ಕೆಲಸ ಮಾಡಿಬಿಟ್ರಿ!”

“ನಾನೇನು ಮಾಡಿದೆ ಸರ್?”

“ತಪ್ಪು ಕಾರ್ಡು ಇಟ್ರಿ. ಆ ಯಜಮಾನರು ಕೊಟ್ಟಿದ್ದನ್ನ ಓದೋರು. ಆ ಕಾಲು ಮುರಿದ ಕಥೆನೂ, ತಪ್ಪು ಗೊತ್ತಾದ ಮೇಲೆ ಮಾನ ಉಳಿಸ್ಕೊಳ್ಳೋಕೆ ಹೇಳಿದ್ದು, ನಂಗೊತ್ತಿಲ್ವಾ? ಇರಲಿ. ಮತ ತಪ್ಪಾಗಿ ಬಿದ್ದಿದ್ರೆ ಅವತ್ತೇ ಆರು ಗಂಟೆ ಒಳಗೆ ಬರೆದು ಕೊಟ್ರೆ ತಿದ್ದಬಹುದು, ನಿಯಮ ಇದೆ. ತಪ್ಪು ಕಾರ್ಡು ಇಟ್ಟಿದ್ದು ನಾನೇ ಅಂತ ಇಲ್ಲೊಂದು ಸಹಿ ಹಾಕಿ. ಉಳಿದದ್ದು ನಾನು ನೋಡ್ಕೋತೀನಿ.”

ಕಾರ್ಡಮ್ಮ ಗೋಡೆ ಗಡಿಯಾರ ನೋಡಿದಳು. ಐದು ಮೂವತ್ತೈದು. ಒಂದು ಸಹಿ. ಅಷ್ಟಾದರೆ ನಲವತ್ತೊಂದು ನಲವತ್ತಾಗುತ್ತದೆ, ತಂಗಿಯ ಕೆಲಸ ಹೋಗುತ್ತದೆ. ಸಹಿ ಹಾಕದೆ, ತಪ್ಪು ನನ್ನದಲ್ಲ, ರಾತ್ರಿ ರಬ್ಬರಿನ ಸದ್ದು ಕೇಳಿದ್ದೇನೆ ಎಂದರೆ? ತನ್ನ ಹದಿನೆಂಟು ವರ್ಷ ಉಳಿಯುತ್ತದೆ. ಆದರೆ ಮುಚ್ಚಿಡಬಾರದು ಎಂದವರೇ ಗೆರೆ ಅಳಿಸಿದರು ಎಂದು ನಾಳೆ ಎಲ್ಲ ಪತ್ರಿಕೆಗಳಲ್ಲಿ ಬರುತ್ತದೆ.

“ಸಹಿ ಹಾಕೋಕೆ ಮುಂಚೆ ತಪ್ಪು ಯಾವುದು ಅಂತ ಗೊತ್ತಾಗ್ಬೇಕಲ್ಲ ಸರ್,” ಎಂದಳು.

“ತಪ್ಪು ಯಾವುದು ಅಂದ್ರೆ? ಹಳೇ ಕಾರ್ಡು ಅದು! ಅದನ್ನ ಯಾವಾಗ್ಲೋ ಹೊಡೆದು ಹಾಕಿರ್ಬೇಕಲ್ಲ?”

“ನೀವೇ ನೋಡಿ. ಗೆರೆ ಇದೆಯಾ?”

ಸಚೇತಕರು ಕನ್ನಡಕ ಏರಿಸಿ ಹಳದಿ ಕಾರ್ಡನ್ನು ಎಳೆದುಕೊಂಡರು. ಮುಂದೆ ನೋಡಿದರು, ಹಿಂದೆ ನೋಡಿದರು. ಆಮೇಲೆ ಕಿಟಕಿಯ ಕಡೆ ತಿರುಗಿದರು. ಪಶ್ಚಿಮದ ಕಿಟಕಿ. ಇಳಿಬಿಸಿಲು ಮೇಜಿನ ಮೇಲೆ ಓರೆಯಾಗಿ ಬಿದ್ದಿತ್ತು. ಪೆನ್ಸಿಲಿನ ಸೀಸ ಅಳಿಸಬಹುದು, ಅಡಿಕೋಲು ಒತ್ತಿ ಎಳೆದ ಗೆರೆಯ ತಗ್ಗು ಅಳಿಸಲಾಗದು. ಓರೆ ಬಿಸಿಲಿಗೆ ಹಿಡಿದರೆ ಮೂಲೆಯಿಂದ ಮೂಲೆಗೆ ಅದು ಎದ್ದು ಕಾಣುತ್ತದೆ.

ಅವಳು ಎರಡೇ ಹೆಜ್ಜೆಯಲ್ಲಿ ಕಿಟಕಿಗೆ ಹೋಗಿ ಸರ್ರನೆ ಪರದೆ ಎಳೆದಳು.

“ಬಿಸಿಲು ಕಣ್ಣಿಗೆ ಹೊಡೀತಿದೆ ಸರ್. ಲೈಟ್ ಹಾಕ್ತೀನಿ.”

ಟ್ಯೂಬ್‌ಲೈಟು ಎರಡು ಸಲ ಮಿಣುಕಿ ಹೊತ್ತಿಕೊಂಡಿತು. ಆ ಚಪ್ಪಟೆ ಬೆಳಕಿನಲ್ಲಿ ಕಾರ್ಡು ಬರೀ ಹಳದಿ.

“ಗೆರೆ ಇಲ್ಲ,” ಎಂದರು ಸಚೇತಕರು, ನಂಬಲಾಗದೆ. “ಆದ್ರೆ ಹೊಸದೂ ಇದೆಯಲ್ಲ! ಒಂದಕ್ಕೆ ಎರಡು ಕಾರ್ಡಾ? ಇದು ನಿಮ್ಮ ತಪ್ಪಲ್ವಾ?”

“ಎರಡು ಇಟ್ಕೊಂಡಿದ್ದು ನನ್ನ ತಪ್ಪೇ ಇರಬಹುದು. ಓದಿದ್ದು ತಪ್ಪಲ್ಲ.” ಅವಳು ಪೆಟ್ಟಿಗೆಯ ಮುಚ್ಚಳ ತಿರುಗಿಸಿ, ಸುರುಳಿ ಸುತ್ತಿದ್ದ ಚೀಟಿಯ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಳು. “ನಾಲ್ಕನೇ ನಿಯಮ ಓದಿ ಸರ್. ಅವರದೇ ಅಕ್ಷರ. ಇಪ್ಪತ್ತೆರಡು ವರ್ಷದ್ದು.”

ಸಚೇತಕರು ಬಗ್ಗಿ ಓದಿದರು. “ಒಂದೇ ವಿಷಯಕ್ಕೆ ಗೆರೆ ಇಲ್ಲದ ಎರಡು ಕಾರ್ಡು ಕಂಡರೆ, ಹಳೆಯದೇ ಗಟ್ಟಿ.”

“ಇದನ್ನ ವರದಿಗಾರರೂ ಬಂದು ನೋಡಬಹುದು. ನಾಳೆ ನಾಲ್ಕರಿಂದ ಐದು,” ಎಂದಳು ಕಾರ್ಡಮ್ಮ ಮೆಲ್ಲಗೆ. “ಕಲ್ಲುಕಂಬ ತನ್ನ ಹಳೇ ಮಾತಿಗೆ ನಿಂತಿತು ಅಂತ ಬರೀತಾರೆ. ಪಕ್ಷ ಅದನ್ನ ತಿದ್ದಿಸೋಕೆ ಹೋಯ್ತು ಅಂತನೂ ಬರೀತಾರೇನೋ.”

ಅದೇ ಹೊತ್ತಿಗೆ ಶಾಸಕರು ಒಳಗೆ ಬಂದರು. ಮುಖ ಬಾಡಿತ್ತು, ಕಣ್ಣು ಮಾತ್ರ ಹೊಳೆಯುತ್ತಿತ್ತು. ಸಚೇತಕರ ಕೈಯಲ್ಲಿನ ಕಾಗದ, ಕಾರ್ಡಮ್ಮನ ಮುಖ, ಎಳೆದ ಪರದೆ ಎಲ್ಲವನ್ನೂ ನೋಡಿದರು. ಅರ್ಥವಾಯಿತು.

“ಈಕೆ ಮೇಲೆ ಹಾಕ್ಬೇಡಿ,” ಎಂದರು. “ಆ ಗೆರೆ ವಿಷಯ...”

“ಗೆರೆ ಇಲ್ಲ ಸರ್,” ಎಂದು ಕಾರ್ಡಮ್ಮ ಅವರ ಮಾತನ್ನು ತುಂಡರಿಸಿದಳು. ಹದಿನೆಂಟು ವರ್ಷದಲ್ಲಿ ಮೊದಲ ಸಲ. “ಸಚೇತಕರೇ ನೋಡಿದ್ರು. ಒಂದೇ ಪ್ರಶ್ನೆ ಉಳಿದಿರೋದು. ನೀವು ಇವತ್ತು ಓದಿದ್ದು ನಿಮ್ಮ ನಿಲುವೋ ಅಲ್ವೋ?”

ಶಾಸಕರು ಅವಳನ್ನು ನೋಡಿದರು. ಗಡಿಯಾರದಲ್ಲಿ ಆರಕ್ಕೆ ಇನ್ನು ಹನ್ನೆರಡು ನಿಮಿಷ ಇತ್ತು.

“ನನ್ನದೇ,” ಎಂದರು. “ನಡುವೆ ನಾಲ್ಕು ವರ್ಷ ಬಿಟ್ಟು, ಯಾವಾಗಲೂ ನನ್ನದೇ. ಅಂಗಡಿಯವರ ಕಷ್ಟ ನಿಜ. ಅವರಿಗೆ ಏನು ಮಾಡಬೇಕೋ ಅದಕ್ಕೆ ಬೇರೆ ಕಾರ್ಡು ಬರೀತೀನಿ. ನಾನು ಏನನ್ನೂ ತಿದ್ದಿಸಲ್ಲ. ಕಾಗದ ನೀವೇ ಇಟ್ಕೊಳ್ಳಿ.”

“ನಿಮ್ಮಿಬ್ಬರಿಗೂ ಬುದ್ಧಿ ಕೆಟ್ಟಿದೆ!” ಸಚೇತಕರು ಕಾಗದವನ್ನು ಮುದುರಿ ಜೇಬಿಗೆ ತುರುಕಿದರು. “ಮುಂದಿನ ಔತಣಕ್ಕೂ ಕರೆಯಲ್ಲ, ನೆನಪಿಟ್ಕೊಳ್ಳಿ.”

“ಒಂಬತ್ತಕ್ಕೆ ಮಲಗ್ತೀನಿ,” ಎಂದರು ಶಾಸಕರು.

ಬಾಗಿಲು ಧಡಾರನೆ ಮುಚ್ಚಿಕೊಂಡಿತು. ಇಬ್ಬರಿಗೂ ಒಬ್ಬರ ಮುಖ ಒಬ್ಬರು ನೋಡಲು ಸಂಕೋಚ.

“ಕಾರ್ಡಮ್ಮ, ನಿನ್ನೆ ಸಂಜೆ ಮೊಗಸಾಲೆ ಕಿಟಕಿ ತೆರೆದಿತ್ತು. ಕೇಳಬೇಕು ಅಂತ ಕೇಳಿದ್ದಲ್ಲ. ಆಮೇಲೆ ನಮ್ಮಕ್ಕ ನೆನಪಾದಳು. ನಿಮಗೆ ಹೇಳಬೇಕಾದ್ದು ಒಂದಿದೆ. ರಾತ್ರಿ ನಾನು...”

“ಇಲಿ ಬಂದಿತ್ತು ಸರ್,” ಎಂದಳು ಅವಳು, ಬಿಳಿ ಕಾರ್ಡನ್ನು ಅವರ ಮುಂದಿಟ್ಟು. “ಈಗ ಇದಕ್ಕೆ ಗೆರೆ ಎಳೀಬೇಕು. ಇಲ್ಲದಿದ್ರೆ ನಾಳೆ ನಾಲ್ಕು ಗಂಟೆಗೆ ಯಾರಾದ್ರೂ ಕೇಳ್ತಾರೆ.”

ಶಾಸಕರು ಅಡಿಕೋಲು ತೆಗೆದುಕೊಂಡು ಪೆನ್ಸಿಲಿಗಾಗಿ ತಡಕಾಡಿದರು. ಅವಳ ಪೆನ್ಸಿಲು ಗ್ಯಾಲರಿಯಲ್ಲೇ ಮುರಿದಿತ್ತು. ಅವಳು ಜಂಬದ ಚೀಲದಿಂದ ದಾದಿಯ ಪೆನ್ನು ತೆಗೆದು ಕೊಟ್ಟಳು.

“ಪೆನ್ನಲ್ಲಾ? ಮಸಿ ಹಿಂದಕ್ಕೆ ಇಳಿಯುತ್ತಲ್ಲ. ಹಿಂದೆ ನಿಮ್ಮ ಕುರ್ಚಿ ಮಾತಿದೆ.”

“ಇಳೀಲಿ ಸರ್. ಇದನ್ನ ಯಾರೂ ಅಳಿಸಬಾರದು.”

ಅವರು ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. ಮೂಲೆಯಿಂದ ಮೂಲೆಗೆ ನೀಲಿ ಗೆರೆ ಎಳೆದರು. ಅವಳ ಅತ್ಯುತ್ತಮ ವಾಕ್ಯದ ನಡುವೆಯೇ ಮಸಿ ಮೂಡಿತು. ಅವಳು ಊದಿ ಒಣಗಿಸಿ, ಹಳದಿಯದರ ಬೆನ್ನಿಗೆ ಅದನ್ನು ಕೂರಿಸಿದಳು. ಗೆರೆ ಬಿದ್ದವು ಹನ್ನೊಂದಿದ್ದವು. ಒಂದು ಹೋಗಿ ಒಂದು ಬಂದು ಈಗಲೂ ಹನ್ನೊಂದೇ. ಎಣಿಸಿ ನೋಡುವವರಿಗೂ ಏನೂ ಗೊತ್ತಾಗದು.

ಶಾಸಕರು ಹೊರಟ ಮೇಲೆ ಫೋನು ಬಡಿದುಕೊಂಡಿತು. ತಂಗಿ. ಹಿಂದೆ ಕಾರ್ಖಾನೆಯ ಗಲಾಟೆ, ಯಾರೋ ಹೆಂಗಸರು ಚಪ್ಪಾಳೆ ಹೊಡೆಯುತ್ತಿದ್ದರು.

“ಅಕ್ಕಾ! ಟೀವಿಲಿ ನೋಡಿದ್ವಿ! ಮೇಲ್ವಿಚಾರಕನ ಮುಖ ನೋಡ್ಬೇಕಿತ್ತು ನೀನು, ಬಟನ್ ನುಂಗಿದೋನ ಹಾಗಿತ್ತು! ಹೇಗಾಯ್ತೇ? ನೀನೇ ಹೇಳಿದೆ ತಾನೇ? ನಿಜ ಹೇಳು, ನೀನೇ ಕಾರ್ಡು ಬದಲಾಯಿಸಿದ್ದಾ?”

ಕಾರ್ಡಮ್ಮ ಒಂದು ಬೆರಳಿನಿಂದ ಮೇಜಿನ ಹಸಿರು ಬಟ್ಟೆಯನ್ನು ಸವರಿದಳು. ಮಡಿಕೆಯಲ್ಲಿ ಇನ್ನೂ ಒಂದು ಬೂದು ಹುಳು ಉಳಿದಿತ್ತು. ತುಟಿಯವರೆಗೆ ಬಂದಿತ್ತು ಮಾತು. ತಂಗಿಗಾದರೂ ಹೇಳಿ ನಗಬೇಕೆಂದು ಜೀವ ತುಡಿಯುತ್ತಿತ್ತು. ಆದರೆ ತಂಗಿಗೆ ಹೇಳಿದರೆ ಅವಳ ಗಂಡನಿಗೆ, ಅವನಿಗೆ ಹೇಳಿದರೆ ಆಸ್ಪತ್ರೆಯ ವಾರ್ಡಿಗೆ, ಆಮೇಲೆ ಊರಿಗೆ.

“ಪೆಟ್ಟಿಗೆಯಲ್ಲಿ ಇದ್ದದ್ದನ್ನ ಅವರು ಓದಿದ್ರು ಕಣೇ,” ಎಂದಳು. “ಅಷ್ಟೇ.”

ಆ ಹುಳುವನ್ನು ಬೆರಳ ತುದಿಗೆ ಅಂಟಿಸಿಕೊಂಡು, ಪರದೆ ಸರಿಸಿ, ಕಿಟಕಿಯಿಂದ ಆಚೆ ಊದಿಬಿಟ್ಟಳು. ಯಾರಿಗೂ ಹೇಳುವುದಿಲ್ಲ. ತಂಗಿಗೂ ಇಲ್ಲ, ಎಂದೆಂದಿಗೂ ಇಲ್ಲ. ಪೆಟ್ಟಿಗೆಗೆ ಬೀಗ ಹಾಕಿದಳು. ಬಾಗಿಲವರೆಗೆ ಹೋದವಳು ಹಿಂತಿರುಗಿ ಬಂದು ಒಂದು ಸಲ ಎಳೆದು ನೋಡಿದಳು.